ಹೈಸ್ಕೂಲ್ ಸೈನ್ಸ್ ಎಲ್ಲಿ ಚಲೋ? ಮಗನ್ನ ಫೌಂಡೇಶನ್ ಸಾಲ್ಯಾಗ, ಮಗಳನ್ನ ಸರ್ಕಾರಿ ಸಾಲ್ಯಾಗ ಓದಿಸಿದವನ ರಿವ್ಯೂ

ನಂದು ಗಂಗಾವತಿ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ರೀ. ಪಂಪ್‌ಸೆಟ್, ಸಬ್‌ಮರ್ಸಿಬಲ್, ರೈಸ್ ಮಿಲ್ಲಿನ ಮೋಟಾರು ಎಲ್ಲಾ ಬರ್ತಾವ. ಸುಟ್ಟ ತಂತಿ ಕಿತ್ತು ಹೊಸಾದು ಕಟ್ಟೂತನ ರೈತರು ಅಂಗಡಿ ಮುಂದ ಕುಂತಿರ್ತಾರ, ಏಪ್ರಿಲ್ ಮೇ ಬಂತಂದ್ರ ಅವರ ಬಾಯಾಗ ಒಂದ ಮಾತು, ಅಣ್ಣಾ ಹುಡುಗನ್ನ ಎಂಟನೇ ಕ್ಲಾಸಿಗೆ ಎಲ್ಲಿ ಹಾಕೂದು, ಸೈನ್ಸ್ ಎಲ್ಲಿ ಚಲೋ ಹೇಳ್ತಾರ, ನಿನ್ನ ಮಕ್ಕಳು ಎರಡೂ ಕಡೆ ಓದ್ಯಾರಲ್ಲ ನೀನ ಹೇಳು ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಪೂರಾ ಬರೀತೀನಿ. ಎರಡೂ ಸಾಲಿ ಹೆಸರು ಹಾಕಂಗಿಲ್ಲ. ಒಂದು ಇಂಗ್ಲಿಷ್ ಮೀಡಿಯಂ ಪ್ರೈವೇಟ್, ಬೋರ್ಡಿನ ಮ್ಯಾಲೆನ ಐಐಟಿ ನೀಟ್ ಫೌಂಡೇಶನ್ ಅಂತ ಬರದಿದ್ರು. ಇನ್ನೊಂದು ನಮ್ಮ ಕ್ಯಾಂಪಿಗೆ, ಅಂದ್ರ ನಾವಿರೂ ಸಣ್ಣ ಊರಿಗೆ, ಹತ್ರ ಇರೂ ಸರ್ಕಾರಿ ಹೈಸ್ಕೂಲು, ಕನ್ನಡ ಮೀಡಿಯಂ.

ಮೊದಲು ಮಗಂದು. ಅವ ಎಂಟನೇ ಕ್ಲಾಸಿಗೆ ಸೇರಿದ್ದು 2019ರಾಗ, ಹತ್ತನೇದು ಮುಗಿಸಿದ್ದು 2022ಕ್ಕ. ವರ್ಷಕ್ಕ 62 ಸಾವಿರ ಫೀ, ಫೌಂಡೇಶನ್ ಪುಸ್ತಕ ಬ್ಯಾರೆ 9 ಸಾವಿರ, ವ್ಯಾನಿಂದು ಬ್ಯಾರೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಹೋದಾವ ಸಂಜಿ ಐದೂವರಿಗೆ ಬರ್ತಿದ್ದ. ಪ್ರತಿ ಶನಿವಾರ ಟೆಸ್ಟ್, ಓಎಂಆರ್ ಶೀಟಿನ್ಯಾಗ ಗುಂಡಗ ತುಂಬೂದು, ಸೋಮವಾರ ರ್‍ಯಾಂಕ್ ಪಟ್ಟಿ ನಮ್ಮ ಮೊಬೈಲಿಗೆ. ಒಂಬತ್ತನೇದು ಕೊರೊನಾದಾಗ ಮೊಬೈಲಿನ್ಯಾಗ ಕಳೀತು, ಆ ವರ್ಷನ ನಾ ಲೆಕ್ಕಕ್ಕ ಹಿಡಿಯಂಗಿಲ್ಲ, ಅದು ಯಾರ ತಪ್ಪೂ ಅಲ್ಲ. ಉಳಿದ ಎರಡು ವರ್ಷದ ಮಾತು ಅಷ್ಟ.

ಒಳ್ಳೇದು ಇದ್ದದ್ದು ಹೇಳ್ಬೇಕು. ಅಲ್ಲಿ ಲೆಕ್ಕ ಮಾಡಿಸೂದು ಭಾಳ ಚಲೋ. ಫಿಸಿಕ್ಸ್ ಸರ್ ಒಬ್ಬರಿದ್ರು, ಕನ್ನಡಿ ಲೆನ್ಸ್ ಲೆಕ್ಕನ ಪ್ಲಸ್ ಮೈನಸ್ ತಪ್ಪದಂಗ ಹೆಂಗ ಹಿಡೀಬೇಕು ಅಂತ ಮಗನ ತಲ್ಯಾಗ ಕುಂದ್ರಿಸಿಬಿಟ್ಟಿದ್ರು, ಅದು ಇವತ್ತಿಗೂ ಅವನಿಗೆ ಕೆಲಸಕ್ಕ ಬರ್ತೈತಿ. ಟೈಮಿಗೆ ಸರಿಯಾಗಿ ಪೇಪರ್ ಮುಗಿಸೂ ರೂಢಿ, ಪರೀಕ್ಷೆ ಅಂದ್ರ ಹೆದರಿಕಿ ಇಲ್ದಂಗ ಆಗೂದು, ಇವೆಲ್ಲ ಅಲ್ಲಿಂದನ ಬಂದದ್ದು. ಸೈನ್ಸಿಗೆ 94 ತಗೊಂಡ. ನಾವು ಮನ್ಯಾಗ ಪೇಢೆ ಹಂಚಿದ್ವಿ.

ಆ ಬ್ಯಾಸಗಿ ರಜಾದಾಗ ಅಂಗಡಿಗೆ ಬಂದು ಕುಂತಿದ್ದ. ಒಂದು ಟ್ರ್ಯಾಕ್ಟರ್ ಬ್ಯಾಟರಿ ಬಂದಿತ್ತು, ನಾ ಒಳಗ ಸ್ಟಾರ್ಟರ್ ಬಿಚ್ಚಾಕತ್ತಿದ್ದೆ, ತಮ್ಮಾ ಅದರ ವೋಲ್ಟೇಜ್ ನೋಡಿ ಹೇಳು ಅಂದೆ. ಮಲ್ಟಿಮೀಟರ್ ತಗೊಂಡ. ಅದರ ಕೆಂಪು ವಾಯರ್ 10 ಆಂಪಿಯರ್ ತೂತಿನ್ಯಾಗ ಇತ್ತು, ತಿರುಗೂ ಗುಂಡಿನೂ ಆಂಪಿಯರ್ ಮ್ಯಾಲೆನ ಇತ್ತು, ಅಂದ್ರ ಅದು ಕರೆಂಟ್ ಅಳಿಯೂ ಅಮ್ಮೀಟರ್ ಆಗಿ ಕುಂತಿತ್ತು, ಅದನ್ನ ನೋಡ್ಲೇ ಇಲ್ಲ, ಸೀದಾ ಬ್ಯಾಟರಿ ಎರಡೂ ತುದಿಗೆ ಹಚ್ಚಿಬಿಟ್ಟ. ಚಟ್ ಅಂತ ಕಿಡಿ ಹಾರಿ ವಾಯರ್ ಪ್ಲಾಸ್ಟಿಕ್ ಕರಗಿ ವಾಸನಿ ಬಂತು. ಪುಣ್ಯಾಕ್ಕ ಕೈಗೆ ಏನೂ ಆಗ್ಲಿಲ್ಲ. ನೀರು ಕುಡಿಸಿ ಕುಂದ್ರಿಸಿ ಕೇಳಿದೆ, ಯಪ್ಪಾ ಅಮ್ಮೀಟರ್ ಹೆಂಗ ಜೋಡಿಸಬೇಕು, ವೋಲ್ಟ್‌ಮೀಟರ್ ಹೆಂಗ ಜೋಡಿಸಬೇಕು? ಒಂದು ಕ್ಷಣ ತಡೀಲಿಲ್ಲ, ಅಮ್ಮೀಟರ್ ಸೀರೀಸ್, ವೋಲ್ಟ್‌ಮೀಟರ್ ಪ್ಯಾರಲಲ್, ಯಾಕಂದ್ರ ಅಮ್ಮೀಟರಿಂದು ರೆಸಿಸ್ಟೆನ್ಸ್ ಭಾಳ ಕಮ್ಮಿ ಇರ್ತೈತಿ ಅಂತ ಇಂಗ್ಲಿಷಿನ್ಯಾಗ ಗಡಗಡ ಹೇಳಿದ. ಸರಿಯಾದ ಉತ್ತರ ರೀ, ಒಂದಕ್ಷರ ತಪ್ಪಿಲ್ಲ. ಸಾಲ್ಯಾಗ ಅಮ್ಮೀಟರ್ ಕೈಯಾಗ ಹಿಡಿದಿದ್ದೇನು ಅಂದ್ರ ಇಲ್ಲ ಅಪ್ಪಾಜಿ, ಡಿಜಿಟಲ್ ಬೋರ್ಡಿನ್ಯಾಗ ತೋರ್ಸಿದ್ರು ಅಂದ. ಲ್ಯಾಬ್ ಇತ್ತಲ್ಲೋ, ಅಡ್ಮಿಷನ್ ದಿನ ನನಗ ತೋರ್ಸ್ಯಾರಲ್ಲ ಅಂದೆ. ಎಂಟನೇ ಕ್ಲಾಸಿನ್ಯಾಗ ಎರಡು ಸಲ ಕರ್ಕೊಂಡು ಹೋಗಿದ್ರಂತ, ಹೋಗಿ ಸುತ್ತಲೂ ನಿಂತು ನೋಡಿ ಬಂದಿದ್ರಂತ, ಹತ್ತನೇದರಾಗ ಸಿಲಬಸ್ ಅಕ್ಟೋಬರಿಗೆ ಮುಗಿಸಬೇಕಂತ ಒಂದು ಸಲಾನೂ ಬಾಗಿಲಾ ತೆಗೀಲಿಲ್ಲಂತ. ಪ್ರಾಜೆಕ್ಟ್ ಅಂತ ಮಾಡಿದ್ದು ಥರ್ಮಾಕೋಲ್ ಹೃದಯ, ಅದನ್ನ ಸ್ಟೇಷನರಿ ಅಂಗಡ್ಯಾಗ 350 ರೂಪಾಯಿ ಕೊಟ್ಟು ತಂದದ್ದು ನಾನ. ಅದಕ್ಕ ಪೂರಾ ಅಂಕ ಬಂದಿದ್ವು.

ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ದಿನಾ ಕರೆಂಟಿನ ಜೋಡಿನ ಬದುಕೂ ನನ್ನ ಮನ್ಯಾಗ, ಸೈನ್ಸಿಗೆ 94 ತಗೊಂಡ ಹುಡುಗ ಮೀಟರ್ ಹಿಡಿಯಾಕ ಬರದಂಗ ಆಗ್ಯಾನ ಅಂದ್ರ ಆ ರೊಕ್ಕ ಎದಕ್ಕ ಕೊಟ್ವಿ ಅಂತ ಹೊಟ್ಟಿ ಉರೀತು.

ಮಗಳು ಎಂಟನೇದಕ್ಕ ಹೋಗಬೇಕಾದದ್ದೂ ಅದ ವರ್ಷ, 2022. ಕೊರೊನಾದಾಗ ಅಂಗಡಿ ಕುಂತುಬಿಟ್ಟಿತ್ತು, ಸಾಲ ಬ್ಯಾರೆ ಇತ್ತು, ಅಷ್ಟು ಫೀ ಮತ್ತೊಮ್ಮೆ ಕಟ್ಟೂ ಶಕ್ತಿ ಇರ್ಲಿಲ್ಲ ಅನ್ನೂದು ಖರೆ. ಅಕಿನೂ ನನ್ನ ಗೆಳತ್ಯಾರು ಎಲ್ಲಾರೂ ಸರ್ಕಾರಿ ಸಾಲಿಗೆ ಹೊಂಟಾರ ನಾನೂ ಅಲ್ಲೇ ಹೋಗ್ತೀನಿ ಅಂದ್ಲು. ಮನ್ಯಾಗಿನ್ನಾಕಿ ಬ್ಯಾಡ ಅಂತ ಎರಡು ದಿನ ಮಾತಾಡ್ಲಿಲ್ಲ. ನಾ ಒಬ್ಬನ ಹೋಗಿ ನೋಡಿ ಬಂದೆ. ಬಿಲ್ಡಿಂಗ್ ಹಳೇದು, ಲ್ಯಾಬ್ ಅನ್ನೂದು ಒಂದು ಮಾಮೂಲಿ ಕ್ಲಾಸ್‌ರೂಮಿನಷ್ಟ, ಅರ್ಧ ಕಪಾಟು ತುಕ್ಕು ಹಿಡಿದಿದ್ವು. ಆದ್ರ ಟೇಬಲ್ಲಿನ ಮ್ಯಾಲೆ ಆಸಿಡ್ ಬಿದ್ದ ಕಲಿ ಇದ್ವು, ಸ್ಪಿರಿಟ್ ದೀಪದ ಬತ್ತಿ ಸುಟ್ಟು ಕರ್‍ರಗ ಆಗಿತ್ತು, ಟೆಸ್ಟ್‌ಟ್ಯೂಬ್ ತೊಳದು ಬೋರಲು ಹಾಕಿದ್ರು, ಇನ್ನೂ ಹಸಿ ಇದ್ವು. ಒಂದು ವರ್ಕ್‌ಶಾಪ್ ನಡದೈತೋ ಇಲ್ಲೋ ಅನ್ನೂದು ಅದರ ಟೂಲ್ ನೋಡಿದ್ರ ನನ್ನಂಥವರಿಗೆ ಗೊತ್ತಾಗ್ತೈತಿ. ಸೇರಿಸಿಬಿಟ್ಟೆ.

ಅಲ್ಲಿ ಸೈನ್ಸ್ ಹೆಂಗ ನಡೀತೈತಿ ಅಂದ್ರ, ಸರ್ಕಾರಿ ಹೈಸ್ಕೂಲಿನ್ಯಾಗ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮತ್ತ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಅಂತ ಎರಡು ಥರದ ಟೀಚರ್ ಪೋಸ್ಟ್ ಇರ್ತಾವ. ಪಿಸಿಎಂ ಸರ್ ಗಣಿತ, ಫಿಸಿಕ್ಸ್ ನೋಡ್ತಾರ, ಸಿಬಿಜೆಡ್ ಅವರು ಬಯಾಲಜಿ, ಕೆಮಿಸ್ಟ್ರಿ ನೋಡ್ತಾರ. ಪುಸ್ತಕ ಮಾತ್ರ ಒಂದ, ವಿಜ್ಞಾನ ಅಂತ. ಹತ್ತನೇದಕ್ಕ 80 ಅಂಕದ ಪೇಪರ್, 20 ಇಂಟರ್ನಲ್. ಪಾಠನೂ ಎನ್‌ಸಿಇಆರ್‌ಟಿವ, ಅಂದ್ರ ಮಗಳು ಓದೂಮುಂದ ಸಿಬಿಎಸ್‌ಇ ಹುಡುಗ್ರು ಓದೂ ಪಾಠಗಳ ಇಲ್ಲಿ ಕನ್ನಡದಾಗ ಇದ್ವು. ಸಿಲಬಸ್ ಹಗುರ ಐತಿ ಅನ್ನೂ ಮಾತು ನಂಬಬ್ಯಾಡ್ರಿ.

ಈ ಪಿಸಿಎಂ ಸರ್ ಇದ್ದಾರಲ್ಲ, ಅವರ ಬಗ್ಗೆ ಬರೀಬೇಕಂತನ ನಾ ಕುಂತದ್ದು. ಕೆಮಿಸ್ಟ್ರಿ ತಮ್ಮ ಪಾಲಿಂದು ಅಲ್ದಿದ್ರೂ ಸಿಬಿಜೆಡ್ ಪೋಸ್ಟ್ ಖಾಲಿ ಇದ್ದಾಗ ಅದನ್ನೂ ಅವರ ತಗೊಂಡ್ರು. ರಾಸಾಯನಿಕ ಕ್ರಿಯೆ ಪಾಠದಾಗ ಮೊಳಿ ಮತ್ತ ಮೈಲುತುತ್ತದ್ದು ಒಂದು ಪ್ರಯೋಗ ಐತಿ. ಮೈಲುತುತ್ತ ಅಂದ್ರ ಕಾಪರ್ ಸಲ್ಫೇಟ್, ಕುಷ್ಟಗಿ ಕಡೆ ದಾಳಿಂಬ್ರಿ ಹಾಕಿದವರಿಗೆ ಹೇಳೂದ ಬ್ಯಾಡ, ಸುಣ್ಣದ ಜೋಡಿ ಕಲಿಸಿ ಬೋರ್ಡೋ ದ್ರಾವಣ ಮಾಡಿ ಹೊಡೀತಾರಲ್ಲ ಅದು. ಸರ್ ಹುಡುಗ್ರಿಗೆ ನಿಮ್ಮ ಮನ್ಯಾಗ ಇದ್ರ ಒಂದು ಚಿಟಿಕಿ ತರ್ರಿ ಅಂದ್ರಂತ. ನೀಲಿ ನೀರಿನ್ಯಾಗ ದಾರ ಕಟ್ಟಿ ಮೊಳಿ ಇಳಿಬಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ತೆಗದು ಬಾಜೂಕ ಹೊಸ ಮೊಳಿ ಇಟ್ಟು ನೋಡೂದು. ಮಗಳು ಆ ಮೊಳಿನ ಕಾಗದದಾಗ ಸುತ್ತಿಕೊಂಡು ಅಂಗಡಿಗೆ ತಂದ್ಲು. ಅಪ್ಪಾಜಿ ಇದರ ಮ್ಯಾಲಿನ ಕಂದು ಬಣ್ಣ ಏನ್ ಹೇಳು ಅಂದ್ಲು. ತುಕ್ಕು ಅಂದೆ. ಅಲ್ಲ, ಉಗುರಿಲೆ ಕೆರಿ ಅಂದ್ಲು. ಕೆರೆದ್ರ ತಾಮ್ರ ರೀ, ನಾ ದಿನಾ ಮುಟ್ಟೂ ತಾಮ್ರ, ಪುಡಿ ಪುಡಿಯಾಗಿ ಉಗುರಿಗೆ ಹತ್ತಿತ್ತು. ಕಬ್ಬಿಣಕ್ಕ ತಾಮ್ರಕ್ಕಿಂತ ಜೋರ ಜಾಸ್ತಿ, ಅದಕ್ಕ ತಾನು ನೀರಿನ್ಯಾಗ ಇಳಿದು ತಾಮ್ರನ ಹೊರಗ ಹಾಕಿತು, ನೀಲಿ ಬಣ್ಣ ತಾಮ್ರದ್ದು, ತಾಮ್ರ ಹೊರಗ ಬಿದ್ದಂಗ ನೀಲಿ ಹೋಗಿ ತಿಳಿ ಹಸುರಾತು ಅಂತ ಹೇಳಿದ್ಲು. ಮಗ ಅಲ್ಲೇ ಕುಂತಿದ್ದ, ಅವನಿಗೂ ಆ ಸಮೀಕರಣ ಬಾಯಿಪಾಠ ಇತ್ತು, ಆದ್ರ ಮೊಳಿನ ಕೈಯಾಗ ಹಿಡಕೊಂಡು ಹೊಳ್ಳಿಸಿ ಹೊಳ್ಳಿಸಿ ನೋಡಿದ ಭಾಳ ಹೊತ್ತು.

ಆಮ್ಲ ಪ್ರತ್ಯಾಮ್ಲ ಲವಣ ಪಾಠ ಬಂದಾಗ ಇನ್ನೂ ಒಂದು ಆತು. ಪುಸ್ತಕದಾಗ ಮಣ್ಣಿನ ಪಿಎಚ್, ಅಂದ್ರ ಆಮ್ಲ ಜಾಸ್ತಿಯೋ ಕ್ಷಾರ ಜಾಸ್ತಿಯೋ ಅನ್ನೂ ಅಳತಿ, ನೋಡೂದು ಐತಿ, 2 ಗ್ರಾಂ ಮಣ್ಣು 5 ಎಂಎಲ್ ನೀರು ಹಾಕಿ ಅಲುಗಾಡಿಸಿ ಸೋಸಿ ಬಣ್ಣದ ಕಾಗದ ಅದ್ದೂದು. ಸರ್ ಎಲ್ಲಾರಿಗೂ ನಿಮ್ಮ ನಿಮ್ಮ ಹೊಲದ ಮಣ್ಣು ತರ್ರಿ ಅಂದಾರ. ನಮಗ ಹೊಲ ಇಲ್ಲ, ಅಕಿ ಸೋದರಮಾವಂದು ಎಡದಂಡಿ ಕಾಲುವೆ ಕೆಳಗ ಎರಡು ಎಕರೆ ಐತಿ, ತುದಿಯಾಗ ಒಂದು ತುಂಡಿನ್ಯಾಗ ಭತ್ತ ಏಳಂಗಿಲ್ಲ, ಬ್ಯಾಸಗ್ಯಾಗ ಬೆಳ್ಳಗ ಉಪ್ಪು ಬಿದ್ದಂಗ ಕಾಣ್ತೈತಿ, ಸವಳು ಅಂತೀವಲ್ಲ ಅದು. ಅಲ್ಲಿಂದ ಒಂದು ಕೈಚೀಲ ಮಣ್ಣು ತಂದ್ಲು. ಅದ ಹೊಲದ ಬರೋಬ್ಬರಿ ಇರೂ ಮಣ್ಣೂ ಬ್ಯಾರೆ ಚೀಲದಾಗ ತಂದ್ಲು, ಹಂಗ ತರಬೇಕಂತ ಸರ್ ಹೇಳಿದ್ರಂತ, ಒಂದನ್ನ ನೋಡಿದ್ರ ಏನೂ ತಿಳಿಯಂಗಿಲ್ಲ ಎರಡು ಇಟ್ಟು ನೋಡ್ರಿ ಅಂತ. ಚಲೋ ಮಣ್ಣಿಂದು ಹಸುರು, ಸವಳಿಂದು ನೀಲಿ ಕಡೆ ಹೋತು, 9ರ ಹತ್ರ. ಆಮ್ಯಾಲೆ ಸರ್ ಒಂದು ಶನಿವಾರ ಇಪ್ಪತ್ತು ಹುಡುಗ್ರನ್ನ ಕರ್ಕೊಂಡು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರಕ್ಕ ಹೋದ್ರು. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು, ಸವಳು ಭೂಮಿ ಮ್ಯಾಲೆನ ಅಲ್ಲಿ ಸಂಶೋಧನಾ ನಡೀತೈತಿ, ನಾವು ಇಲ್ಲೇ ಹುಟ್ಟಿ ಬೆಳದವರು, ಅದರ ಮುಂದನ ಓಡಾಡ್ತೀವಿ, ಒಳಗ ಒಂದು ಸಲಾನೂ ಹೋಗಿಲ್ಲ. ಅಲ್ಲಿಯವರು ಹೇಳಿದ್ದನ್ನ ಮಗಳು ಬಂದು ಮಾವಗ ಹೇಳಿದ್ಲು: ಸವಳಿನ್ಯಾಗ ಎರಡು ಥರ ಮಾವಾ, ಬರೀ ಉಪ್ಪು ಜಾಸ್ತಿ ಆಗಿದ್ರ ಚಲೋ ನೀರು ನಿಲ್ಲಿಸಿ ಬಸಿಗಾಲುವೆಗೆ ಇಳಿಸಿ ತೊಳೀಬೇಕು, ಸೋಡಿಯಂ ಮಣ್ಣಿಗೆ ಹತ್ತಿಕೊಂಡು ಪಿಎಚ್ ಎಂಟೂವರಿ ದಾಟಿದ್ರ ಮೊದಲು ಜಿಪ್ಸಂ ಹಾಕಬೇಕು, ಜಿಪ್ಸಂನ್ಯಾಗಿನ ಕ್ಯಾಲ್ಸಿಯಂ ಸೋಡಿಯಂನ ಎಬ್ಬಿಸಿ ಅದರ ಜಾಗಾದಾಗ ಕುಂದ್ರತೈತಿ, ಆಮ್ಯಾಲೆ ತೊಳೀಬೇಕು, ಬಸಿಗಾಲುವೆ ಇಲ್ಲಂದ್ರ ಎಷ್ಟು ಜಿಪ್ಸಂ ಹಾಕಿದ್ರೂ ದಂಡ. ಆ ಮಾವ, ಆರು ವರ್ಷದಿಂದ ಯಾರ್‍ಯಾರೋ ಹೇಳಿದ್ದು ಹಾಕಿ ಹಾಕಿ ಸೋತವ, ಸುಮ್ಮನ ಕೇಳಿಕೋತ ಕುಂತ, ಮರುದಿನ ಮಣ್ಣು ತಗೊಂಡು ತಾನ ಅಲ್ಲಿಗೆ ಟೆಸ್ಟಿಗೆ ಕೊಟ್ಟು ಬಂದ. ಅದ ಜಿಪ್ಸಂ ನೂರು ಡಿಗ್ರಿಗೆ ಕಾಯಿಸಿದ್ರ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗ್ತೈತಿ ಅಂತ ಅದ ಪಾಠದಾಗ ಮುಂದ ಬರ್ತೈತಿ, ಅದನ್ನ ಅಕಿಗೆ ಓದಿಸೂ ಕೆಲಸನ ಬೀಳಲಿಲ್ಲ.

ಕರೆಂಟಿನ ಪಾಠಕ್ಕ ಬರ್ತೀನಿ, ಇದು ನನ್ನ ಕಸುಬು, ಇದರಾಗ ನಾ ಯಾರಿಗೂ ಸುಮ್ಮನ ಹೊಗಳಂಗಿಲ್ಲ. ಸರ್ ಅಂಗಡಿಗೆ ಒಂದು ಚೀಟಿ ಕಳಿಸಿದ್ರು, ನಿಕ್ರೋಮ್ ತಂತಿ ಇದ್ರ ಕೊಡ್ರಿ, ಎರಡು ಗೇಜಿಂದು (ಎರಡು ಥರದ ದಪ್ಪದ್ದು), ಒಂದೊಂದು ಮೀಟರ್ ಅಂತ. ಹಳೇ ಕಾಯಿಲ್ ಒಲಿದು, ಇಸ್ತ್ರಿ ಪೆಟಗಿದು ಬಿಚ್ಚಿ ಕೊಟ್ಟೆ. ಯಾಕ ನಿಕ್ರೋಮ್ ಕೇಳ್ಯಾರ ಅಂತ ನನಗ ಗೊತ್ತಾತು, ತಾಮ್ರದ ತಂತಿ ಒಂದು ಮೀಟರ್ ಹಚ್ಚಿದ್ರ ಅದರ ರೆಸಿಸ್ಟೆನ್ಸ್ ಎಷ್ಟು ಕಮ್ಮಿ ಅಂದ್ರ ಸೆಲ್ ಶಾರ್ಟ್ ಆದಂಗ ಆಗ್ತೈತಿ, ಅಮ್ಮೀಟರಿನ ಮುಳ್ಳು ಹೋಗಿ ಕೊನೀಗೆ ಬಡೀತೈತಿ, ಹುಡುಗ್ರಿಗೆ ಏನೂ ಕಾಣಂಗಿಲ್ಲ. ಪ್ರಯೋಗ ಖರೇನ ಮಾಡಿ ನೋಡಿದವರಿಗಷ್ಟ ಅದು ಗೊತ್ತಿರ್ತೈತಿ. ಅರ್ಧ ಮೀಟರ್ ತಂತಿಗೆ ಮುಳ್ಳು ಎಲ್ಲಿ ನಿಂತಿತು, ಪೂರಾ ಮೀಟರಿಗೆ ಎಲ್ಲಿ ನಿಂತಿತು, ಎರಡು ಎಳಿ ಜೋಡಿಸಿ ದಪ್ಪ ಮಾಡಿದ್ರ ಎಲ್ಲಿ ನಿಂತಿತು, ಅಕಿ ವಹಿಯಾಗ ಮೂರೂ ಬರಕೊಂಡಿದ್ಲು, ಉದ್ದ ಎರಡು ಪಟ್ಟಾದ್ರ ಕರೆಂಟ್ ಸುಮಾರು ಅರ್ಧ, ಪೂರಾ ಅರ್ಧ ಬಂದಿರ್ಲಿಲ್ಲ, ಯಾಕ ಬರ್ಲಿಲ್ಲ ಅಂತನೂ ಕೆಳಗ ಬರದಿದ್ಲು, ಸೆಲ್ ಹಳೇದು, ಕ್ಲಿಪ್ ಸಡ್ಲ ಅಂತ. ಸರ್ ಅದಕ್ಕ ಟಿಕ್ ಹಾಕಿದ್ರು. ಮಗನ ಸಾಲ್ಯಾಗ ಉತ್ತರ ಪುಸ್ತಕದಂಗ ಬರಲಿಲ್ಲಂದ್ರ ಅಂಕ ಇಲ್ಲ.

ಆಮ್ಯಾಲೆ ಒಂದು ದಿನ ಸಂಜಿ ಅಂಗಡ್ಯಾಗ ಕುಂತು ಕೇಳಿದ್ಲು, ಅಪ್ಪಾಜಿ ಬ್ಯಾಸಗ್ಯಾಗ ಯಾಕ ಇಷ್ಟು ಮೋಟಾರ್ ಸುಟ್ಟು ಬರ್ತಾವ? ವೋಲ್ಟೇಜ್ ಬೀಳ್ತೈತವ್ವಾ, 415 ಇರಬೇಕಾದ್ದು 340ಕ್ಕ ಇಳೀತೈತಿ, ಮೋಟಾರ್ ನೀರು ಎತ್ತೂದು ಅಷ್ಟ ಎತ್ತಬೇಕಲ್ಲ ಅದಕ್ಕ ಕರೆಂಟ್ ಜಾಸ್ತಿ ಎಳೀತೈತಿ, ಕಾಯಿಲ್ ಕಾದು ವಾರ್ನಿಷ್ ಸುಡ್ತೈತಿ ಅಂದೆ. ಅಕಿ ಬಿಲ್ ಬುಕ್ಕಿನ ಹಿಂದ ಬರದು ತೋರ್ಸಿದ್ಲು, ಬಿಸಿ ಅನ್ನೂದು ಐ ಸ್ಕ್ವೇರ್ ಆರ್ ಟಿ, ಐ ಅಂದ್ರ ಕರೆಂಟ್, ಆರ್ ಅಂದ್ರ ರೆಸಿಸ್ಟೆನ್ಸ್, ಟಿ ಅಂದ್ರ ಟೈಮ್, ಕರೆಂಟ್ ಒಂದೂವರೆ ಪಟ್ಟಾದ್ರ ಬಿಸಿ ಒಂದೂವರೆ ಅಲ್ಲ, ಎರಡೂ ಕಾಲು ಪಟ್ಟು. ಇಪ್ಪತ್ತೆರಡು ವರ್ಷದಿಂದ ಸುಟ್ಟ ಮೋಟಾರ್ ಬಿಚ್ಚಾಕತ್ತೀನಿ ರೀ, ಅದು ಯಾಕ ಅಷ್ಟು ಲಗೂನ ಸುಡ್ತೈತಿ ಅಂತ ಅಂಕಿಯಾಗ ಅವತ್ತ ನೋಡಿದೆ. ಆ ಹಾಳಿ ಹರಿದು ಗೋಡಿಗೆ ಹಚ್ಚೀನಿ. ಸಣ್ಣ ಗೇಜಿನ ತಂತಿ ಹಾಕಿ ಕಮ್ಮಿ ರೇಟಿಗೆ ಮಾಡಿಕೊಡು ಅನ್ನೂ ರೈತರಿಗೆ ಅದನ್ನ ತೋರ್ಸಿನ ಹೇಳ್ತೀನಿ.

ಮನಿ ವಾಯರಿಂಗ್ ಬಗ್ಗೆ ಪಾಠ ಬಂದಾಗ ಫೇಸ್, ನ್ಯೂಟ್ರಲ್, ಅರ್ಥಿಂಗ್, ಫ್ಯೂಸ್ ಎಲ್ಲಾ ಹೇಳಿ, ನಿಮ್ಮ ಮನ್ಯಾಗ ಅರ್ಥಿಂಗ್ ಐತೋ ಇಲ್ಲೋ ದೊಡ್ಡವರ ಕಡೆಯಿಂದ ಟೆಸ್ಟ್ ಮಾಡಿಸಿ ಬರ್ರಿ, ನೀವು ಮುಟ್ಟಬ್ಯಾಡ್ರಿ ಅಂತ ಗಟ್ಟಿಯಾಗಿ ಹೇಳಿ ಕಳಿಸಿದ್ರು. ನಮ್ಮನ್ಯಾಗ ಟೆಸ್ಟ್ ಲ್ಯಾಂಪ್ ಹಚ್ಚಿದ್ರ ದೀಪ ಮಂದ ಉರೀತು, ನೆಲದಾಗಿನ ಅರ್ಥಿಂಗ್ ಗುಂಡಿ ಒಣಗಿ ಹೋಗಿತ್ತು. ಅವತ್ತ ಇದ್ದಿಲು, ಉಪ್ಪು ಹಾಕಿ ನೀರು ಹೊಡದ್ವಿ. ಅಕಿ ಕ್ಲಾಸಿನ್ಯಾಗ 11 ಮನ್ಯಾಗ ಅರ್ಥಿಂಗ್ ಪಿನ್ನಿಗೆ ವಾಯರ್ರ ಇರ್ಲಿಲ್ಲಂತ. ಅದರಾಗ ನಾಕು ಮನಿಗೆ ನಾನ ಹೋಗಿ ಮಾಡಿಕೊಟ್ಟು ಬಂದೆ.

2024ರ ಆಗಸ್ಟಿನ್ಯಾಗ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟು ಚೈನ್ ಹರಿದು ಹೋತಲ್ಲ, ಆ ವಾರ ನಮ್ಮ ಕಡೆ ಯಾರ ಬಾಯಾಗೂ ಬ್ಯಾರೆ ಮಾತಿಲ್ಲ, ನೀರೆಲ್ಲ ಹೊಳಿಗೆ ಹೋದ್ರ ಭತ್ತಕ್ಕ ಏನ್ ಗತಿ ಅಂತ. ಸರ್ ಅವತ್ತಿನ ಪಾಠ ಬಿಟ್ಟು ಬೋರ್ಡಿನ ಮ್ಯಾಲೆ ಡ್ಯಾಮ್ ಬರದು, 33 ಗೇಟಿನ್ಯಾಗ ಒಂದು ಹೋದ್ರ ಉಳಿದ ಗೇಟ್ ಯಾಕ ತೆಗೀತಾರ, ನೀರಿನ ಆಳ ಹೆಚ್ಚಾದಂಗ ಒತ್ತಡ ಹೆಂಗ ಹೆಚ್ಚಾಗ್ತೈತಿ, ಹರಿಯೂ ನೀರಿನ್ಯಾಗ ಹೊಸ ಗೇಟ್ ಒಮ್ಮೆಲೆ ಇಳಿಸಾಕ ಬರಂಗಿಲ್ಲ ಅದಕ್ಕ ತುಂಡು ತುಂಡು ಸ್ಟಾಪ್ ಲಾಗ್, ಅಂದ್ರ ನೀರು ತಡಿಯೂ ಅಡ್ಡ ಪಟ್ಟಿ, ಮಾಡಿ ಇಳಿಸ್ತಾರ ಅಂತ ಹೇಳಿದ್ರಂತ. ಅದನ್ನ ಪರೀಕ್ಷೆಗೆ ಯಾರೂ ಕೇಳಂಗಿಲ್ಲ. ಮಗಳು ರಾತ್ರಿ ಊಟದಾಗ ಅದನ್ನ ಹೇಳೂಮುಂದ ಅವರ ಅಜ್ಜಿ ಸೈತ ಊಟ ಬಿಟ್ಟು ಕೇಳಿದ್ಲು.

ಈಗ ಕೊರತಿ ಬರೀತೀನಿ, ಇವನ್ನ ಮುಚ್ಚಿಟ್ಟು ಸೇರಿಸ್ರಿ ಅಂದ್ರ ತಪ್ಪಾಗ್ತೈತಿ. ದೊಡ್ಡದು ಅಂದ್ರ ಬಯಾಲಜಿ. ಸಿಬಿಜೆಡ್ ಮೇಡಂ ವರ್ಗಾ ಆಗಿ ಹೋದ್ರು, ಜೂನ್‌ದಿಂದ ಸೆಪ್ಟೆಂಬರ್‌ತನ ಪೋಸ್ಟ್ ಖಾಲಿ, ಆಮ್ಯಾಲೆ ಅತಿಥಿ ಶಿಕ್ಷಕರು ಬಂದ್ರು, ಪಾಪ ಅವರು ಚಲೋ ಹೇಳ್ತಿದ್ರು ಆದ್ರ ಅವರಿಗೆ ಪಗಾರ ಸರಿಯಾಗಿ ಬರ್ತಿರ್ಲಿಲ್ಲ, ನಡುವ ಬ್ಯಾರೆ ಕೆಲಸಕ್ಕ ಅರ್ಜಿ ಹಾಕ್ಕೋತ ಓಡಾಡೂದು. ಜೀವಕ್ರಿಯೆಗಳು, ನಿಯಂತ್ರಣ, ಅನುವಂಶೀಯತೆ ಎಲ್ಲಾ ಡಿಸೆಂಬರ್ ಜನವರಿಯಾಗ ಓಡಿಸಿ ಮುಗಿಸಿದ್ರು. ಎಲಿನ ಸ್ಪಿರಿಟಿನ್ಯಾಗ ಕುದಿಸಿ ಅಯೋಡಿನ್ ಹಾಕಿ ಪಿಷ್ಟ ನೋಡೂ ಪ್ರಯೋಗ ಮಾಡ್ಲೇ ಇಲ್ಲ. ಮೈಕ್ರೋಸ್ಕೋಪ್ ಮೂರು ಅದಾವ, ಅದರಾಗ ಒಂದರದ್ದಷ್ಟ ಲೆನ್ಸ್ ಚಲೋ ಐತಿ, 58 ಹುಡುಗ್ರು ಸಾಲು ಹಚ್ಚಿ ಒಬ್ಬೊಬ್ಬರು ಹತ್ತು ಸೆಕೆಂಡ್ ನೋಡಿದ್ರ ಏನ್ ಕಂಡೀತು. ಮಗಳು ಪತ್ರರಂಧ್ರ ನೋಡ್ದಿ ಏನು ಅಂದ್ರ ಹಸುರು ಕಂಡಿತು ಅಂದ್ಲು. ಬಯಾಲಜಿ ಅಂದ್ರ ಪ್ರಾಣ, ಡಾಕ್ಟರ್ ಆಗ್ತೀನಿ ಅನ್ನೂ ಮಕ್ಕಳಿದ್ರ ಹೋಗೂಮುಂದ ಮೊದಲು ಸಿಬಿಜೆಡ್ ಪೋಸ್ಟ್ ತುಂಬೈತೇನು, ಪರ್ಮನೆಂಟಾ ಗೆಸ್ಟಾ ಅಂತ ಬಾಯಿಬಿಟ್ಟು ಕೇಳ್ರಿ, ಹೆಡ್‌ಮಾಸ್ಟರ್ ಹೇಳ್ತಾರ, ಮುಚ್ಚಿಡಂಗಿಲ್ಲ.

ಲ್ಯಾಬಿನ್ಯಾಗ ನಳ ಐತಿ, ನೀರಿಲ್ಲ. ಬಕೆಟಿನ್ಯಾಗ ಹೊತ್ತು ತರಬೇಕು. ಹೊರೂದು ಯಾರು ಅಂದ್ರ ಹೆಣ್ಣುಮಕ್ಕಳು. ಗುಂಪಿಗೆ ಆರು ಮಂದಿ ಮಾಡಿದ್ರ ಆಸಿಡ್ ಹಾಕೂದು, ದೀಪ ಹಚ್ಚೂದು, ಮೀಟರ್ ಹಿಡಿಯೂದು ಎಲ್ಲಾ ಗಂಡುಹುಡುಗ್ರು, ವಹಿಯಾಗ ಬರಿಯೂದು, ಟ್ಯೂಬ್ ತೊಳಿಯೂದು ಹೆಣ್ಣುಹುಡುಗ್ಯಾರು. ಎಂಟನೇದರಾಗ ಪೂರಾ ವರ್ಷ ಹಿಂಗ ನಡದೈತಿ. ಅಕಿ ಮನ್ಯಾಗ ಬಂದು ಅತ್ತ ಮ್ಯಾಲೆ ನನಗ ಗೊತ್ತಾತು, ನಾ ಹೋಗಿ ಸರ್‌ಗೆ ಹೇಳಿದೆ, ಅವರು ನನ್ನ ಗಮನಕ್ಕ ಬಂದಿಲ್ಲ ಅಂದವರು ಒಂಬತ್ತನೇದರಿಂದ ಹುಡುಗ್ಯಾರದ್ದು ಬ್ಯಾರೆ ಗುಂಪು ಮಾಡಿದ್ರು. ಹೇಳಿದ್ರ ಕೇಳ್ತಾರ, ಆದ್ರ ಯಾರೋ ಒಬ್ಬರು ಹೋಗಿ ಹೇಳಬೇಕು, ತಂದಿ ತಾಯಿ ಸಾಲಿ ಕಡೆ ಹಾಯದ ಇದ್ರ ಯಾರಿಗೂ ಗೊತ್ತಾಗಂಗಿಲ್ಲ.

ಮತ್ತೊಂದು ಇಂಗ್ಲಿಷ್. ಪಿಯುಸಿ ಸೈನ್ಸ್ ಅಂದ್ರ ಪೂರಾ ಇಂಗ್ಲಿಷಿನ್ಯಾಗ. ಇಲ್ಲಿ ಮೂರು ವರ್ಷ ವಕ್ರೀಭವನ, ದ್ಯುತಿಸಂಶ್ಲೇಷಣೆ, ವಿಭವಾಂತರ ಅಂತ ಓದಿದ ಮಕ್ಕಳು ಜೂನಿನ್ಯಾಗ ಒಮ್ಮೆಲೆ ರಿಫ್ರಾಕ್ಷನ್, ಫೋಟೋಸಿಂಥಸಿಸ್, ಪೊಟೆನ್ಷಿಯಲ್ ಡಿಫರೆನ್ಸ್ ಅಂದ್ರ ಕಂಗಾಲ ಆಗ್ತಾರ. ಸಾಲ್ಯಾಗ ಇದಕ್ಕ ಏನೂ ತಯಾರಿ ಮಾಡ್ಸಂಗಿಲ್ಲ, ಇದು ನನಗ ಭಾಳ ಬ್ಯಾಸರ ತಂದ ವಿಷಯ, ಹತ್ತನೇದರಾಗ ವಾರಕ್ಕ ಒಂದು ತಾಸು ಇಟ್ಟಿದ್ರ ಸಾಕಿತ್ತು. ನಮ್ಮನ್ಯಾಗ ಅಣ್ಣನ ಹಳೇ ಇಂಗ್ಲಿಷ್ ಪುಸ್ತಕ ಇದ್ವು, ಪಾಠ ಅವ, ಚಿತ್ರ ಅವ, ಅದಕ್ಕ ಬ್ಯಾಸಗಿ ರಜಾದಾಗ ಎರಡೂ ಪುಸ್ತಕ ಬಾಜೂಕ ಬಾಜೂಕ ಇಟ್ಟು ದಿನಾ ನಾಕು ಹಾಳಿ ಓದಿದ್ಲು, ಅಣ್ಣ ಕುಂತು ಹೇಳಿಕೊಟ್ಟ. ನಿಮ್ಮ ಮನ್ಯಾಗ ಇಲ್ಲಂದ್ರ ಅದ ಪಾಠದ ಇಂಗ್ಲಿಷ್ ಪುಸ್ತಕ ನೆಟ್ಟಿನ್ಯಾಗ ಫ್ರೀ ಸಿಗ್ತಾವ, ಒಂಬತ್ತನೇದರಿಂದನ ಸುರು ಮಾಡಿಸ್ರಿ.

ಖರ್ಚಿಂದು ಹೇಳೂದಾದ್ರ ಮೂರು ವರ್ಷಕ್ಕ ಕೂಡಿ ಮಗಳಿಗೆ ನಾ ಮಾಡಿದ್ದು, ಟ್ಯೂಷನ್ ಹಿಡಕೊಂಡು 14 ಸಾವಿರ. ಟ್ಯೂಷನ್ ಹತ್ತನೇದರಾಗ ಬಯಾಲಜಿ ಸಲುವಾಗಿ ಮೂರು ತಿಂಗಳು ಹಚ್ಚಿದ್ದು. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ, ಎಂಟನೇದರಾಗ ಎನ್‌ಎಂಎಂಎಸ್ ಅಂತ ಪರೀಕ್ಷೆ ಬರ್ತೈತಿ, ಸರ್ಕಾರಿ, ಅನುದಾನಿತ ಸಾಲಿ ಮಕ್ಕಳಿಗಷ್ಟ, ಪಾಸಾಗಿ ಲಿಸ್ಟಿನ್ಯಾಗ ಬಂದ್ರ ಒಂಬತ್ತನೇದರಿಂದ ಪಿಯುಸಿತನ ವರ್ಷಕ್ಕ 12 ಸಾವಿರ ಸ್ಕಾಲರ್‌ಶಿಪ್. ತಂದಿ ತಾಯಿ ಆದಾಯ ಮೂರೂವರೆ ಲಕ್ಷದೊಳಗ ಇರಬೇಕು. ನಮ್ಮಾಕಿಗೆ ಅದರಾಗ ಸ್ವಲ್ಪದಾಗ ತಪ್ಪಿತು, ಗೆಳತಿಗೆ ಸಿಕ್ಕೈತಿ. ಇನ್‌ಸ್ಪೈರ್ ಅವಾರ್ಡ್ ಅಂತ ಕೇಂದ್ರ ಸರ್ಕಾರದ್ದು ಒಂದು ಐತಿ, ಅದಕ್ಕೂ ಸರ್ ಹುಡುಗ್ರ ಐಡಿಯಾ ಕಳಿಸ್ತಾರ, ಆರಿಸಿದ್ರ ಮಾಡೆಲ್ ಮಾಡಾಕ 10 ಸಾವಿರ ಮಗುವಿನ ಅಕೌಂಟಿಗೆ ಬರ್ತೈತಿ.

ಮಗಳಿಗೆ ಸೈನ್ಸಿಗೆ 87 ಬಂತು. ಅಣ್ಣಗಿಂತ 7 ಕಮ್ಮಿ, ಹೋಗಿದ್ದೆಲ್ಲ ಬಯಾಲಜಿಯಾಗ ಹೋಗಿದ್ದು. ಮನ್ಯಾಗಿನ್ನಾಕಿ ಇನ್ನೂ ಅದ ಏಳು ಅಂಕ ಹಿಡಕೊಂಡು ಮಾತಾಡ್ತಾಳ. ಈಗ ಪಿಯುಸಿ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ತಗೊಂಡಾಳ, ಮೊದಲ ಎರಡು ತಿಂಗಳು ಇಂಗ್ಲಿಷಿಗೆ ಒದ್ದಾಡಿದ್ಲು, ಆದ್ರ ಪ್ರಾಕ್ಟಿಕಲ್ ದಿನ ಅಕಿಗೆ ಹಬ್ಬ. ಕೆಮಿಸ್ಟ್ರಿ ಲ್ಯಾಬಿನ್ಯಾಗ ಪಿಪೆಟ್ ಹಿಡಿಯಾಕ ಕೈ ನಡುಗೂ ಹುಡುಗ್ರಿಗೆ ಅಕಿ ತೋರ್ಸಿಕೊಡ್ತಾಳಂತ, ಆ ಹುಡುಗ್ರಾಗ 95, 96 ತಗೊಂಡವರೂ ಅದಾರ. ಮಗ ಬಳ್ಳಾರಿಯಾಗ ಇಂಜಿನಿಯರಿಂಗ್ ಓದಾಕತ್ಯಾನ, ಅವನೂ ಚಲೋ ಅದಾನ, ಕೈಗೆಲಸ ಅಲ್ಲಿ ಹೋದ ಮ್ಯಾಲೆ ಕಲಿತ, ಮೊದಲ ವರ್ಷದ ಲ್ಯಾಬಿನ್ಯಾಗ ಭಾಳ ಹೆದರಿದ್ದೆ ಅಪ್ಪಾಜಿ ಅಂತ ಈಗ ಹೇಳ್ತಾನ, ಆವಾಗ ಹೇಳಿರ್ಲಿಲ್ಲ.

ಅದಕ್ಕ ಯಾರರ ಕೇಳಿದ್ರ ನಾ ಇಷ್ಟ ಹೇಳ್ತೀನಿ. ಮನ್ಯಾಗ ಓದು ಹೇಳಿಕೊಡವರು ಯಾರೂ ಇಲ್ಲ, ಹುಡುಗ ತಾನಾಗಿ ಪುಸ್ತಕ ಹಿಡಿಯಂಗಿಲ್ಲ, ರೊಕ್ಕಕ್ಕ ತ್ರಾಸಿಲ್ಲ ಅಂದ್ರ ಫೌಂಡೇಶನ್ ಸಾಲಿ ಆ ಶಿಸ್ತು ಕಲಿಸ್ತೈತಿ, ಹೋಗ್ರಿ. ಆದ್ರ ಅಡ್ಮಿಷನ್ ದಿನ ಅವರು ತೋರ್ಸಿದ ಲ್ಯಾಬ್ ನೋಡಿ ಬರಬ್ಯಾಡ್ರಿ, ನವೆಂಬರಿನ್ಯಾಗ ಒಂದು ದಿನ ಹೇಳದ ಹೋಗ್ರಿ. ಆಸಿಡ್ ಬಾಟ್ಲಿ ಎಷ್ಟು ಖಾಲಿ ಆಗ್ಯಾವ ನೋಡ್ರಿ, ಹತ್ತನೇದರ ಒಬ್ಬ ಹುಡುಗನ್ನ ಕರದು ಕಳೆದ ವಾರ ಲ್ಯಾಬಿನ್ಯಾಗ ಏನ್ ಮಾಡ್ದಿ ಅಂತ ಕೇಳ್ರಿ, ಅವ ತಡವರಿಸಿದ್ರ ತಿಳಕೊಳ್ರಿ. ಉಳಿದವರಿಗೆ ನನ್ನ ಮಾತು ಸರ್ಕಾರಿ ಹೈಸ್ಕೂಲ ಸರಿ, ಆ ಸರ್ ಇರೂತನ ಅಂತೂ ಕಣ್ಣು ಮುಚ್ಚಿ. ಮಕ್ಕಳು ಕಮ್ಮಿ ಆದ್ರಂತ ಪೋಸ್ಟ್ ಕಡೀತಾರ, ಪೋಸ್ಟ್ ಕಡದ್ರಂತ ಮತ್ತ ಮಕ್ಕಳು ಕಮ್ಮಿ ಆಗ್ತಾರ, ನಮ್ಮ ಕೊಪ್ಪಳ ಜಿಲ್ಲಾದಾಗ ಹಿಂಗ ಒಂದೊಂದ ಸಾಲಿ ಸೊರಗೂದು ನೋಡಿದ್ರ ಸಂಕಟ ಆಗ್ತೈತಿ.

ಈ ವರ್ಷ ಹೊಸ ಸಿಬಿಜೆಡ್ ಮೇಡಂ ಪರ್ಮನೆಂಟ್ ಬಂದಾರಂತ, ಬಯಾಲಜಿ ಹೆಂಗ ನಡೀತೈತಿ ಅಂತ ಅಲ್ಲಿ ಓದೂ ಮಕ್ಕಳ ತಂದಿ ತಾಯಿ ಯಾರರ ಬರದ್ರ ಚಲೋ. ಲ್ಯಾಬಿನ ನಳಕ್ಕ ನೀರು ಬರೂವಂಗ ಒಂದು ಅರ್ಧ ಎಚ್‌ಪಿ ಮೋಟಾರ್ ನಮ್ಮ ಅಂಗಡ್ಯಾಗ ಹಳೇದು ಐತಿ, ವೈಂಡಿಂಗ್ ಮಾಡಿ ಇಟ್ಟೀನಿ, ಪೈಪಿನ ಖರ್ಚು ಎಸ್‌ಡಿಎಂಸಿಯವರು, ಅಂದ್ರ ಸಾಲಿ ಅಭಿವೃದ್ಧಿ ಸಮಿತಿಯವರು, ಹಾಕ್ತೀವಿ ಅಂದಾರ. ಸಾಲಿ ಸುರು ಆದ ವಾರ ಹೋಗಿ ಕುಂದ್ರಿಸಿ ಬರ್ತೀನಿ, ಅದರ ಜೋಡಿ ನಿಕ್ರೋಮ್ ತಂತಿದು ಹೊಸ ತುಂಡು, ಅರ್ಧ ಮೀಟರಿಂದು, ಒಂದು ಮೀಟರಿಂದು.